ಕಂಪೈಲರಿಗೆ ಬರೆದುಕೊಡುವ ಮುಚ್ಚಳಿಕೆ

ಸಿ ಭಾಷೆಯಲ್ಲಿ ಬರೆದ ದೊಡ್ಡ ಪ್ರೋಗ್ರಾಮೊಂದು ಒಂದೇ ಕಡತದಲ್ಲಿ ಅಡಕವಾಗಿರುವುದು ಅಪೂರ್ವ. ಅದು ನೂರಾರು ಕಡತಗಳಾಗಿ ಹಂಚಿಹೋಗಿರುತ್ತದೆ. ಕಂಪೈಲರಾದರೋ ಅವುಗಳಲ್ಲಿ ಒಂದೊಂದನ್ನೂ ಪ್ರತ್ಯೇಕವಾಗಿ ಕೈಗೆತ್ತಿಕೊಂಡು, ಮಿಕ್ಕವುಗಳಲ್ಲಿ ಏನಿದೆಯೆಂದು ಇಣುಕಿಯೂ ನೋಡದೆ, ಯಂತ್ರಭಾಷೆಗೆ ಇಳಿಸುತ್ತದೆ. 1970ರ ದಶಕದ ಆದಿಭಾಗದಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಡೆನಿಸ್ ರಿಚಿಯವರು ಈ ಭಾಷೆಯನ್ನು ನಿರ್ಮಿಸಿದ ಕಾಲಕ್ಕೆ ಯಂತ್ರಗಳ ಸ್ಮೃತಿ ಅತ್ಯಲ್ಪವಾಗಿದ್ದುದರಿಂದ ಈ ಏರ್ಪಾಡು ಅನಿವಾರ್ಯವಾಗಿತ್ತು. ಆ ಸಂಕೋಚವು ನೀಗಿದ ಮೇಲೂ ಏರ್ಪಾಡು ಬಹುಮಟ್ಟಿಗೆ ಹಾಗೆಯೇ ಉಳಿದು ಬಂದಿದೆ. ಇದರ ಫಲವಾಗಿ, ಬೇರೊಂದು ಕಡತದಲ್ಲಿರುವ ಫಂಕ್ಷನ್ನಿನ ವಿಷಯದಲ್ಲಿ ಕಂಪೈಲರಿಗೆ ತಿಳಿದಿರುವುದು ಅದರ ಘೋಷಣೆಯ ಒಂದು ಸಾಲು ಮಾತ್ರ: ಅದರ ಹೆಸರೇನು, ಅದಕ್ಕೆ ಎಂತಹ ಮೌಲ್ಯಗಳನ್ನು ಒಪ್ಪಿಸಬೇಕು, ಅದು ಎಂತಹ ಮೌಲ್ಯವನ್ನು ಹಿಂದಿರುಗಿಸುತ್ತದೆ ಎಂಬಷ್ಟೇ. ಕುಲಗೋತ್ರ ತಿಳಿಯಿತು; ನಡತೆ ತಿಳಿಯಲಿಲ್ಲ. ಆ ಫಂಕ್ಷನ್ನು ಹೊರಗಿನ ವೇರಿಯಬಲ್ಲುಗಳನ್ನೆಲ್ಲ ತಿದ್ದಿಬಿಡಬಹುದು, ಪರದೆಯ ಮೇಲೆ ಏನನ್ನಾದರೂ ಬರೆಯಬಹುದು, ಕರೆದವರ ಬಳಿಗೆ ಹಿಂದಿರುಗದೆಯೇ ಇರಬಹುದು. ಇವುಗಳಲ್ಲಿ ಯಾವುದು ದಿಟವೆಂದು ಅರಿಯದ ಕಂಪೈಲರು ಎಲ್ಲವನ್ನೂ ಶಂಕಿಸಿ, ರಿಜಿಸ್ಟರುಗಳಲ್ಲಿ ಜೋಪಾನವಾಗಿ ಇರಿಸಿಕೊಂಡಿದ್ದ ಮೌಲ್ಯಗಳನ್ನು ಕರೆಗೆ ಮುನ್ನ ಸ್ಮೃತಿಗೆ ಬರೆದು, ಕರೆ ಮುಗಿದ ಮೇಲೆ ಮತ್ತೆ ಓದಿಕೊಂಡು, ನಿಷ್ಪ್ರಯೋಜಕವಾದ ಎಷ್ಟೋ ದುಡಿಮೆಯನ್ನು ನಿಷ್ಠೆಯಿಂದ ನೆರವೇರಿಸುತ್ತದೆ.

ಈ ಅಜ್ಞಾನವನ್ನು ಕಿಂಚಿತ್ತಾದರೂ ಹೋಗಲಾಡಿಸುವ ಸಲುವಾಗಿ, ರಿಚರ್ಡ್ ಸ್ಟಾಲ್ಮನ್ನರು 1987ರಲ್ಲಿ ಮೊದಲಬಾರಿಗೆ ಹೊರತಂದ ಗ್ನೂ ಸಿ ಕಂಪೈಲರು, ಎಂದರೆ ಈಗ ಎಲ್ಲರೂ ಜಿಸಿಸಿ ಎಂದು ಕರೆಯುವ ಕಂಪೈಲರು, ಕಾಲಕ್ರಮದಲ್ಲಿ ಒಂದು ಸೌಕರ್ಯವನ್ನು ಒದಗಿಸಿತು. ಫಂಕ್ಷನ್ನಿನ ಅಥವಾ ವೇರಿಯಬಲ್ಲಿನ ಘೋಷಣೆಯ ಬದಿಯಲ್ಲಿ ಆಟ್ರಿಬ್ಯೂಟು ಎಂಬ ಪದವನ್ನು ಬರೆದು, ಆವರಣದೊಳಗೆ ಅದರ ನಡತೆಯ ವಿಶೇಷವನ್ನು ನಮೂದಿಸಬಹುದು. ಇದನ್ನು ಪ್ರೋಗ್ರಾಮು ಬರೆಯುವವರು ಕಂಪೈಲರಿಗೆ ಬರೆದುಕೊಡುವ ಮುಚ್ಚಳಿಕೆಯೆಂದು ತಿಳಿದರೆ ಅದರ ಸ್ವರೂಪ ಚೆನ್ನಾಗಿ ಮನದಟ್ಟಾಗುತ್ತದೆ. ಮುಚ್ಚಳಿಕೆಯಲ್ಲಿ ಬರೆದ ಮಾತು ಸತ್ಯವೇ ಎಂದು ಕಂಪೈಲರು ಪರೀಕ್ಷಿಸುವ ಗೋಜಿಗೆ ಸಾಮಾನ್ಯವಾಗಿ ಹೋಗದು. ಬಹಳ ಸಂದರ್ಭಗಳಲ್ಲಿ ಪರೀಕ್ಷಿಸಲು ಅದಕ್ಕೆ ಸಾಧ್ಯವೂ ಇಲ್ಲ. ಆದರೆ ಬರೆದುಕೊಟ್ಟ ಮಾತನ್ನು ಅಕ್ಷರಶಃ ನಂಬಿ, ಅದರ ಬಲದ ಮೇಲೆ ಸೂಚನೆಗಳನ್ನು ಅಳಿಸುತ್ತದೆ, ಕ್ರಮವನ್ನು ಬದಲಿಸುತ್ತದೆ, ಕರೆಗಳನ್ನೇ ಕೈಬಿಡುತ್ತದೆ. ಹೀಗಿರಲಾಗಿ, ಬರೆದುಕೊಟ್ಟ ಮಾತಿನ ಅರ್ಥವೇನು, ಅದರ ವ್ಯಾಪ್ತಿ ಎಲ್ಲಿಯವರೆಗೆ ಎಂಬುದನ್ನು ನಿರ್ಣಯಿಸತಕ್ಕ ಗ್ರಂಥ ಯಾವುದು? ಸಿ ಭಾಷೆಯ ಅಂತರರಾಷ್ಟ್ರೀಯ ಮಾನಕದಲ್ಲಿ ಈ ಆಟ್ರಿಬ್ಯೂಟುಗಳ ಪ್ರಸ್ತಾಪವೇ ದೀರ್ಘಕಾಲ ಇರಲಿಲ್ಲವಾದುದರಿಂದ, ಕಂಪೈಲರಿನ ಕೈಪಿಡಿಯೊಂದೇ ಇದಕ್ಕೆ ಪ್ರಮಾಣ. ಬೇರೆ ಉಪಕರಣಗಳ ಕೈಪಿಡಿಗಳು ಉಪಕರಣವನ್ನು ವರ್ಣಿಸುತ್ತವೆ. ಈ ಕೈಪಿಡಿಯ ಈ ಅಧ್ಯಾಯವಾದರೋ ಶಾಸನವಾಗಿ ನಡೆದುಕೊಳ್ಳಬೇಕಾಗಿ ಬಂದಿತು. ಅದನ್ನು ಬರೆಯುವ ಕಷ್ಟವೆಲ್ಲ ಇಲ್ಲಿಂದಲೇ ಹುಟ್ಟುತ್ತದೆ.

ಸರಳವಾದ ಒಂದು ಆಟ್ರಿಬ್ಯೂಟನ್ನು ಮೊದಲು ನೋಡೋಣ. ಅಬಾರ್ಟ್, ಎಕ್ಸಿಟ್ ಎಂಬ ಫಂಕ್ಷನ್ನುಗಳನ್ನು ಒಮ್ಮೆ ಕರೆದರೆ ಪ್ರೋಗ್ರಾಮು ಅಲ್ಲಿಗೆ ಮುಗಿಯಿತು. ಅವು ಹಿಂದಿರುಗುವ ಮಾತಿಲ್ಲ. ಇಂತಹ ಫಂಕ್ಷನ್ನುಗಳನ್ನು ನಾವೂ ಬರೆಯುವುದುಂಟು. ಕೈಪಿಡಿಯು ಫೇಟಲ್ ಎಂಬ ಹೆಸರಿನ ಒಂದನ್ನು ನಿದರ್ಶನವಾಗಿ ಕೊಡುತ್ತದೆ: ದೋಷವೇನೆಂಬುದನ್ನು ಮುದ್ರಿಸಿ, ಒಡನೆಯೇ ಎಕ್ಸಿಟನ್ನು ಕರೆಯುವುದು ಅದರ ಕೆಲಸ. ಅದಕ್ಕೆ ನೋರಿಟರ್ನ್ ಎಂಬ ಆಟ್ರಿಬ್ಯೂಟನ್ನು ಕೊಟ್ಟರೆ, ಕರೆಯ ಮುಂದಿನ ಸ್ಥಿತಿಗಾಗಿ ಸಿದ್ಧತೆ ಮಾಡುವ ಹೊಣೆ ಕಂಪೈಲರಿಗೆ ತಪ್ಪುತ್ತದೆ. ಅಲ್ಲದೆ, ವೇರಿಯಬಲ್ಲಿಗೆ ಬೆಲೆಯನ್ನೇ ಕೊಡದೆ ಬಳಸಿದ್ದೀರೆಂಬ ಹುರುಳಿಲ್ಲದ ಎಚ್ಚರಿಕೆಗಳೂ ಕಡಮೆಯಾಗುತ್ತವೆ. 1993ರಲ್ಲಿ ಬಂದ 2.5ನೆಯ ಆವೃತ್ತಿಗೆ ಮುಂಚೆ ಈ ಆಟ್ರಿಬ್ಯೂಟು ಇರಲಿಲ್ಲ; ಫಂಕ್ಷನ್ನಿನ ಬಗೆಗೆ ವೊಲಟೈಲ್ ಎಂಬ ವಿಶೇಷಣವನ್ನು ಹಚ್ಚಿ ಅದೇ ಅರ್ಥವನ್ನು ಬಲವಂತವಾಗಿ ಹೊರಡಿಸುತ್ತಿದ್ದರು. ಇಷ್ಟು ಸರಳವಾದ ಮಾತಿಗೂ ಕೈಪಿಡಿ ಎಷ್ಟು ಉಪಾಧಿಗಳನ್ನು ಸೇರಿಸಬೇಕಾಯಿತೆಂಬುದು ಗಮನಾರ್ಹ. ಹಿಂದಿರುಗದ ಫಂಕ್ಷನ್ನಿಗೆ ಹಿಂದಿರುಗಿಸುವ ಮೌಲ್ಯವೊಂದನ್ನು ಘೋಷಿಸುವುದು ಅರ್ಥಹೀನವೆಂದು ಹೇಳಬೇಕಾಯಿತು. ಕರೆದವರು ಕಾದಿರಿಸಿದ್ದ ರಿಜಿಸ್ಟರುಗಳು ಕರೆಗೆ ಮುನ್ನ ಯಥಾಸ್ಥಿತಿಗೆ ಬಂದಿರುತ್ತವೆಂದು ನಂಬಬಾರದೆಂದು ಹೇಳಬೇಕಾಯಿತು. ಲಾಂಗ್‌ಜಂಪಿನ ಮೂಲಕವೋ, ಸಿ ಪ್ಲಸ್ ಪ್ಲಸ್ ಭಾಷೆಯ ಎಕ್ಸೆಪ್ಷನ್ನಿನ ಮೂಲಕವೋ ಅದು ಹೊರಬೀಳುವುದಕ್ಕೆ ಈ ಆಟ್ರಿಬ್ಯೂಟಿನಿಂದ ಅಡ್ಡಿಯಿಲ್ಲವೆಂದೂ ಸ್ಪಷ್ಟಪಡಿಸಬೇಕಾಯಿತು. ಹಿಂದಿರುಗುವುದಿಲ್ಲವೆಂಬ ಒಂದೇ ಒಂದು ಮಾತಿಗೆ ಇಷ್ಟೆಲ್ಲ!

ಈ ವಿಶೇಷ ಮಾತುಗಳಿಗಾಗಿ ಹೊಸ ಪದವನ್ನು ಏಕೆ ಸೃಷ್ಟಿಸಬೇಕಾಗಿತ್ತು, ಭಾಷೆಯಲ್ಲಿ ಅದಾಗಲೇ ಇದ್ದ ಪ್ರಾಗ್ಮಾ ಎಂಬ ನಿರ್ದೇಶವು ಸಾಲದಾಗಿತ್ತೇ ಎಂಬ ಆಕ್ಷೇಪವೊಂದು ಹಿಂದಿನಿಂದಲೂ ಇದ್ದಿತು. 1989ರ ಅಮೆರಿಕನ್ ಮಾನಕವು ಪ್ರಾಗ್ಮಾವನ್ನು ಒಪ್ಪಿಕೊಂಡಿತ್ತಾದರೂ, ಅದರ ಅರ್ಥವನ್ನು ಆಯಾ ಕಂಪೈಲರಿನ ಇಚ್ಛೆಗೆ ಬಿಟ್ಟುಕೊಟ್ಟಿತ್ತು. ಆ ಸ್ವಾತಂತ್ರ್ಯವನ್ನು ಸ್ಟಾಲ್ಮನ್ನರು ತಮ್ಮದೇ ಆದ ರೀತಿಯಲ್ಲಿ ಗೌರವಿಸಿದರು: ಜಿಸಿಸಿಯ ಆರಂಭದ ಆವೃತ್ತಿಯೊಂದು ಪ್ರಾಗ್ಮಾವನ್ನು ಕಂಡೊಡನೆ ಕಂಪೈಲು ಮಾಡುವ ಕೆಲಸವನ್ನು ಬದಿಗಿಟ್ಟು, ಹ್ಯಾಕ್ ಎಂಬ ಆಟವನ್ನೋ, ಅದು ಸಿಗದಿದ್ದರೆ ರೋಗ್ ಎಂಬ ಆಟವನ್ನೋ, ಅದೂ ಇಲ್ಲವಾದರೆ ಈಮ್ಯಾಕ್ಸಿನಲ್ಲಿ ಹನೋಯ್ ಗೋಪುರದ ಆಟವನ್ನೋ ಆರಂಭಿಸಲು ಯತ್ನಿಸುತ್ತಿತ್ತು. ಮಾನಕದ ಅಕ್ಷರಕ್ಕೆ ಇದರಿಂದ ಚ್ಯುತಿಯಿಲ್ಲ. ಅರ್ಥವನ್ನು ಕಂಪೈಲರೇ ನಿರ್ಣಯಿಸಬಹುದೆಂದಮೇಲೆ ಅದು ಹೀಗೂ ನಿರ್ಣಯಿಸಬಹುದಷ್ಟೆ! ವಿನೋದವನ್ನು ಬಿಟ್ಟು ನೋಡಿದರೂ, ಕೈಪಿಡಿ ಕೊಡುತ್ತಿದ್ದ ಎರಡು ಕಾರಣಗಳು ಗಟ್ಟಿಯಾಗಿಯೇ ಇವೆ. ಪ್ರಾಗ್ಮಾವನ್ನು ಮ್ಯಾಕ್ರೋ ಒಂದರಿಂದ ಹುಟ್ಟಿಸಲು ಅಂದು ಸಾಧ್ಯವಿರಲಿಲ್ಲ. ಮತ್ತು ಒಂದು ಕಂಪೈಲರಿನ ಪ್ರಾಗ್ಮಾ ಇನ್ನೊಂದರಲ್ಲಿ ಯಾವ ಅನರ್ಥಕ್ಕೆ ಎಡೆಗೊಡುವುದೋ ಬಲ್ಲವರಿಲ್ಲ. ಮೊದಲನೆಯ ಕೊರತೆಯನ್ನು 1999ರ ಮಾನಕ ಹೋಗಲಾಡಿಸಿತು. ಎರಡನೆಯದು ಇನ್ನೂ ಇದೆ.

ಮ್ಯಾಕ್ರೋಗಳ ಮೇಲಿನ ಈ ಕಾಳಜಿಯೇ ಆಟ್ರಿಬ್ಯೂಟಿನ ವಿಚಿತ್ರವಾದ ವೇಷಕ್ಕೂ ಕಾರಣ. ಅದನ್ನು ಬರೆಯುವಾಗ ಒಂದರೊಳಗೊಂದು ಎರಡು ಜೊತೆ ಆವರಣಗಳನ್ನು ಹಾಕಲೇಬೇಕೆಂಬ ನಿಯಮವುಂಟು. ಆಟ್ರಿಬ್ಯೂಟುಗಳ ಪಟ್ಟಿಯಲ್ಲಿ ಅಲ್ಪವಿರಾಮಗಳು ಎಷ್ಟೇ ಇರಲಿ, ಒಳಗಿನ ಆವರಣವು ಅವುಗಳನ್ನೆಲ್ಲ ಒಂದೇ ಮುಷ್ಟಿಯಲ್ಲಿ ಹಿಡಿದಿಡುವುದರಿಂದ, ಇದನ್ನರಿಯದ ಬೇರೆ ಕಂಪೈಲರಿಗೆ ಪ್ರೋಗ್ರಾಮನ್ನು ಒಪ್ಪಿಸುವಾಗ ಆ ಪದವನ್ನು ಒಂದೇ ಆರ್ಗ್ಯುಮೆಂಟಿನ ಮ್ಯಾಕ್ರೋ ಎಂದು ಸಾರಿ, ಅದರ ಬೆಲೆಯನ್ನು ಶೂನ್ಯವಾಗಿಸಿ, ಇಡೀ ಮುಚ್ಚಳಿಕೆಯನ್ನು ಕ್ಷಣಾರ್ಧದಲ್ಲಿ ಮಾಯಮಾಡಬಹುದು. ಪ್ರತಿಯೊಂದು ಹೆಸರಿಗೂ ಹಿಂದೆ ಎರಡು ಮುಂದೆ ಎರಡು ಅಡಿಗೆರೆಗಳನ್ನು ಸೇರಿಸಿದ ಪರ್ಯಾಯರೂಪವನ್ನು ಕೊಟ್ಟಿರುವುದೂ ಇದೇ ದೂರಾಲೋಚನೆಯಿಂದ: ಹೆಡರ್ ಕಡತವನ್ನು ಬರೆಯುವವರಿಗೆ, ಅದನ್ನು ಬಳಸುವವರು ನೋರಿಟರ್ನ್ ಎಂಬ ಹೆಸರನ್ನೇ ತಮ್ಮ ಮ್ಯಾಕ್ರೋ ಒಂದಕ್ಕೆ ಇಟ್ಟುಕೊಂಡಿರಬಹುದೆಂಬ ಭಯವಿಲ್ಲದಿರಲಿ ಎಂದು.

ಆಟ್ರಿಬ್ಯೂಟುಗಳಲ್ಲಿ ಎರಡು ಜಾತಿಗಳನ್ನು ಗುರುತಿಸಬಹುದು. ಕೈಪಿಡಿ ಈ ವಿಭಾಗವನ್ನು ಮಾಡುವುದಿಲ್ಲ, ಮಾಡಿದ್ದರೆ ಚೆನ್ನಾಗಿತ್ತೆಂಬುದು ನನ್ನ ಅಭಿಪ್ರಾಯ. ಮೊದಲನೆಯ ಜಾತಿ ಕಂಪೈಲರನ್ನು ಕಾವಲಿಗೆ ನಿಲ್ಲಿಸುತ್ತದೆ. ಫಾರ್ಮ್ಯಾಟ್ ಎಂಬುದನ್ನು ತೆಗೆದುಕೊಳ್ಳಿ: ಪ್ರಿಂಟ್‌ಎಫ್ ಫಂಕ್ಷನ್ನಿನಂತೆಯೇ ನಡೆಯುವ ಫಂಕ್ಷನ್ನೊಂದನ್ನು ನಾವು ಬರೆದಾಗ, ಮಾದರಿಯ ಸಾಲು ಎಷ್ಟನೆಯ ಆರ್ಗ್ಯುಮೆಂಟು, ಪರೀಕ್ಷಿಸಬೇಕಾದ ಮೌಲ್ಯಗಳು ಎಷ್ಟನೆಯದರಿಂದ ಆರಂಭವಾಗುತ್ತವೆ ಎಂಬ ಎರಡು ಸಂಖ್ಯೆಗಳನ್ನು ಕೊಟ್ಟರೆ, ಕರೆದಲ್ಲೆಲ್ಲ ಎರಡಕ್ಕೂ ಹೊಂದಿಕೆ ಇದೆಯೇ ಎಂದು ಕಂಪೈಲರು ನೋಡಿ, ಇಲ್ಲದಿದ್ದರೆ ಎಚ್ಚರಿಸುತ್ತದೆ. ಸಿ ಪ್ಲಸ್ ಪ್ಲಸ್ಸಿನ ಮೆಥಡ್ಡುಗಳಲ್ಲಿ ಕಣ್ಣಿಗೆ ಕಾಣದ ದಿಸ್ ಎಂಬ ಆರ್ಗ್ಯುಮೆಂಟು ಮೊದಲನೆಯ ಸ್ಥಾನವನ್ನು ಆಕ್ರಮಿಸುವುದರಿಂದ ಎಣಿಕೆಯನ್ನು ಎರಡರಿಂದ ಆರಂಭಿಸಬೇಕೆಂಬ ಒಂದು ಸಾಲನ್ನೂ ಕೈಪಿಡಿ ಮರೆಯದೆ ಸೇರಿಸಿದೆ. ಆ ಸಾಲು ಇಲ್ಲದಿದ್ದರೆ ಎಷ್ಟು ಮಂದಿಯ ಎಷ್ಟು ಸಂಜೆಗಳು ಹಾಳಾಗುತ್ತಿದ್ದವೋ. ಹಿಂದಿರುಗಿದ ಮೌಲ್ಯವನ್ನು ಅಲಕ್ಷಿಸಿದರೆ ಎಚ್ಚರಿಸು, ಬಳಕೆ ತಪ್ಪಿದ ಹಳೆಯ ಫಂಕ್ಷನ್ನನ್ನು ಕರೆದರೆ ಎಚ್ಚರಿಸು ಎನ್ನುವ ಆಟ್ರಿಬ್ಯೂಟುಗಳೂ ಈ ಜಾತಿಯವೇ. ಇವುಗಳಲ್ಲಿ ತಪ್ಪಿದರೆ ಬರುವುದು ಒಂದು ವ್ಯರ್ಥವಾದ ಎಚ್ಚರಿಕೆ ಅಥವಾ ಬಾರದೆ ಹೋಗುವುದು ಒಂದು ಉಪಯುಕ್ತ ಎಚ್ಚರಿಕೆ. ಪ್ರೋಗ್ರಾಮಿನ ನಡೆಯಂತೂ ಕೆಡದು.

ಎರಡನೆಯ ಜಾತಿ ಕಂಪೈಲರಿನ ಸಂಶಯವನ್ನು ಬಿಡಿಸುವಂತಹುದು. ಪ್ಯೂರ್ ಎಂಬುದೂ ಕಾನ್ಸ್ಟ್ ಎಂಬುದೂ ಇಲ್ಲಿಯವು. ಪ್ಯೂರ್ ಆದ ಫಂಕ್ಷನ್ನು ಮೌಲ್ಯವೊಂದನ್ನು ಹಿಂದಿರುಗಿಸುವುದರ ಹೊರತು ಲೋಕದಲ್ಲಿ ಯಾವ ಪರಿಣಾಮವನ್ನೂ ಉಂಟುಮಾಡದು. ಆದರೆ ಸ್ಮೃತಿಯಲ್ಲಿ ಇರುವುದನ್ನು ಓದಬಹುದು. ಕಾನ್ಸ್ಟ್ ಇನ್ನೂ ಕಠಿನವಾದ ವ್ರತ: ತನ್ನ ಕೈಗೆ ಬಂದ ಮೌಲ್ಯಗಳನ್ನು ಬಿಟ್ಟು, ಬದಲಾಗಬಹುದಾದ ಸ್ಮೃತಿಯತ್ತ ಅದು ಕಣ್ಣೆತ್ತಿ ನೋಡುವಂತಿಲ್ಲ. ಸ್ಟ್ರಿಂಗಿನ ಉದ್ದವನ್ನು ಅಳೆಯುವ ಸ್ಟ್ರ್‌ಲೆನ್ ಪ್ಯೂರ್ ಆಗಬಲ್ಲದೇ ಹೊರತು ಕಾನ್ಸ್ಟ್ ಆಗಲಾರದು. ಅದಕ್ಕೆ ಒಪ್ಪಿಸುವುದು ಒಂದು ಪಾಯಿಂಟರನ್ನು, ಅದು ಅಳೆಯುವುದು ಪಾಯಿಂಟರು ತೋರಿಸುವ ಸ್ಥಳದಲ್ಲಿರುವ ಅಕ್ಷರಗಳನ್ನು, ಮತ್ತು ಆ ಅಕ್ಷರಗಳು ಎರಡು ಕರೆಗಳ ನಡುವೆ ಬದಲಾಗಬಹುದು. ಸಂಖ್ಯೆಯ ವರ್ಗವನ್ನು ಲೆಕ್ಕಹಾಕುವ ಫಂಕ್ಷನ್ನಿಗಾದರೆ ಕಾನ್ಸ್ಟ್ ಸಲ್ಲುತ್ತದೆ. ಒಂದು ಸಾಲಿನ ಅಕ್ಷರಗಳನ್ನು ಒಂದೊಂದಾಗಿ ಎಣಿಸುತ್ತ ಹೋಗುವ ಲೂಪಿನಲ್ಲಿ, ಪ್ರತಿ ಸುತ್ತಿನಲ್ಲಿಯೂ ಅಂತ್ಯ ಬಂದಿತೇ ಎಂದು ಸ್ಟ್ರ್‌ಲೆನ್ನನ್ನು ಕೇಳುವ ಅಭ್ಯಾಸ ಹೊಸಬರಲ್ಲಿ ಸಾಮಾನ್ಯ. ಸಾವಿರ ಅಕ್ಷರಗಳ ಸಾಲಾದರೆ ಸಾವಿರ ಸಲ ಸಾವಿರ ಅಕ್ಷರಗಳನ್ನು ಅಳೆದಂತಾಯಿತು. ಆಟ್ರಿಬ್ಯೂಟನ್ನು ನಂಬಿದ ಕಂಪೈಲರು, ಲೂಪಿನ ಒಡಲಲ್ಲಿ ಸ್ಮೃತಿಗೆ ಬರೆಯುವ ಸೂಚನೆಯೊಂದೂ ಇಲ್ಲವೆಂದು ಕಂಡರೆ, ಅಳತೆಯನ್ನು ಒಮ್ಮೆ ಮಾತ್ರ ಮಾಡಿ ಲೂಪಿನ ಹೊರಗೆ ಇಡುತ್ತದೆ. ಆ ಒಡಲಲ್ಲಿ ಒಂದು ಅಕ್ಷರವನ್ನು ದೊಡ್ಡಕ್ಷರಕ್ಕೆ ತಿದ್ದಿದರೂ ಸಾಕು, ತಿದ್ದಿದ್ದು ಅಂತ್ಯಸೂಚಕವಾದ ಶೂನ್ಯವೇ ಆಗಿರಬಹುದೆಂಬ ಶಂಕೆ ಮೂಡಿ, ಸೌಲಭ್ಯ ಕೈತಪ್ಪುತ್ತದೆ.

ಇಂತಹ ಆಟ್ರಿಬ್ಯೂಟನ್ನು ಕೈಪಿಡಿಯಲ್ಲಿ ವಿವರಿಸುವುದು ಹೇಗೆ? ಕಂಪೈಲರು ಏನು ಮಾಡುತ್ತದೆ ಎಂಬುದನ್ನು ಬರೆದರೆ ಅದು ಮುಂದಿನ ಆವೃತ್ತಿಗೆ ಹಳತಾಗುತ್ತದೆ. ಈ ವರ್ಷ ಲೂಪಿನಿಂದ ಹೊರಗೆ ಸರಿಸಿದ ಕರೆಯನ್ನು ಮುಂದಿನ ವರ್ಷ ಪೂರ್ತಿಯಾಗಿ ಅಳಿಸಲೂಬಹುದು. ಜಿಸಿಸಿಯ ಕೈಪಿಡಿ ಇಲ್ಲಿ ಒಂದು ಜಾಣತನದ ದಾರಿಯನ್ನು ಹಿಡಿಯಿತು: ಪ್ರೋಗ್ರಾಮಿನಲ್ಲಿ ಬರೆದಿರುವುದಕ್ಕಿಂತ ಕಡಮೆ ಸಲ ಕರೆದರೂ ಬಾಧಕವಿಲ್ಲವೆಂದು ನೀವು ಒಪ್ಪಿದಂತಾಯಿತು ಎಂಬ ಅರ್ಥದಲ್ಲಿ, ಕಂಪೈಲರಿನ ಕೃತ್ಯಕ್ಕೆ ಬದಲಾಗಿ ಅದಕ್ಕೆ ದೊರೆತ ಅಧಿಕಾರವನ್ನು ಹೇಳಿತು. ಪ್ಯೂರ್ ಎಂದು ಸಾರಿದ ಫಂಕ್ಷನ್ನಿನೊಳಗೆ ದೋಷಶೋಧನೆಗೆಂದು ಮುದ್ರಣದ ಒಂದು ಸಾಲನ್ನು ಸೇರಿಸಿ, ಅದು ಹತ್ತು ಸಲದ ಬದಲು ಒಂದೇ ಸಲ ಮುದ್ರಿತವಾದುದನ್ನು ಕಂಡು ಬೆಚ್ಚುವವರಿಗೆ ಉತ್ತರ ಆ ಒಂದು ವಾಕ್ಯದಲ್ಲಿಯೇ ಇದೆ.

ಆದರೆ ವಾಕ್ಯವನ್ನು ಎಷ್ಟು ತೂಕಮಾಡಿ ಬರೆದರೂ ಕಾಲ ಅದನ್ನು ಒರೆಗೆ ಹಚ್ಚದೆ ಬಿಡದು. ಮ್ಯಾಲಕ್ ಎಂಬ ಆಟ್ರಿಬ್ಯೂಟಿನ ಚರಿತ್ರೆ ಇದಕ್ಕೆ ಸಾಕ್ಷಿ. ಎರಡು ಪಾಯಿಂಟರುಗಳು ಒಂದೇ ಸ್ಥಳವನ್ನು ತೋರಿಸುತ್ತಿರಬಹುದೇ ಎಂಬ ಪ್ರಶ್ನೆ ಸಿ ಕಂಪೈಲರುಗಳನ್ನು ಅವುಗಳ ಬಾಲ್ಯದಿಂದಲೂ ಕಾಡಿದೆ. ಮೊದಲ ಮಾನಕ ಸಿದ್ಧವಾಗುತ್ತಿದ್ದಾಗ ಸಮಿತಿಯವರು ಇದಕ್ಕೆ ಪರಿಹಾರವಾಗಿ ನೋಏಲಿಯಾಸ್ ಎಂಬ ಹೊಸ ವಿಶೇಷಣವನ್ನು ತರಲು ಹೊರಟಿದ್ದರು. ಸಾಮಾನ್ಯವಾಗಿ ಸಮಿತಿಯ ಕೆಲಸದಲ್ಲಿ ತಲೆಹಾಕದ ರಿಚಿಯವರು 1988ರಲ್ಲಿ ಅದನ್ನು ಉಗ್ರವಾಗಿ ವಿರೋಧಿಸಿ ಬರೆದುದರಿಂದ ಅದು ಬಿದ್ದುಹೋಯಿತು. ಮ್ಯಾಲಕ್ ಆಟ್ರಿಬ್ಯೂಟು ಆ ಮಹಾಸಮಸ್ಯೆಯ ಒಂದು ಮೂಲೆಯನ್ನು ಮಾತ್ರ ಬಿಡಿಸುತ್ತದೆ: ಹೊಸದಾಗಿ ಸ್ಮೃತಿಯನ್ನು ಹಂಚಿಕೊಡುವ ಫಂಕ್ಷನ್ನು ಹಿಂದಿರುಗಿಸಿದ ಪಾಯಿಂಟರು, ಆ ಗಳಿಗೆಯಲ್ಲಿ ಸಿಂಧುವಾಗಿರುವ ಬೇರಾವ ಪಾಯಿಂಟರಿನೊಡನೆಯೂ ಸ್ಥಳವನ್ನು ಹಂಚಿಕೊಂಡಿರುವುದಿಲ್ಲ. ಹಂಚಿಕೆಯನ್ನು ಹಿಗ್ಗಿಸಿಕೊಡುವ ರಿಯಾಲಕ್ ಎಂಬ ಫಂಕ್ಷನ್ನಿಗೂ ಇದು ಸಲ್ಲುವುದೇ? ಹಳೆಯ ಕೈಪಿಡಿ, ಹಳೆಯ ಪಾಯಿಂಟರನ್ನು ಮತ್ತೆ ಮುಟ್ಟದಿದ್ದರೆ, ಹೊಸದರೊಡನೆ ಹೋಲಿಸಿಯೂ ನೋಡದಿದ್ದರೆ ಸಲ್ಲುವುದೆಂದು ಹೇಳುತ್ತಿತ್ತು. ಮುಂದೆ ಕಂಪೈಲರು ಈ ಮುಚ್ಚಳಿಕೆಯಿಂದ ಇನ್ನೂ ಒಂದು ಅನುಮಾನವನ್ನು ಎಳೆಯತೊಡಗಿತು: ಈ ಸ್ಮೃತಿ ಹೊಚ್ಚಹೊಸದಾದ ಮೇಲೆ ಅದರ ಒಳಗೆ ಬೇರೆ ವಸ್ತುಗಳ ವಿಳಾಸಗಳು ಇರಲು ಸಾಧ್ಯವಿಲ್ಲ. ಮ್ಯಾಲಕ್ ಎಂಬ ಫಂಕ್ಷನ್ನು ಕೊಡುವ ಸ್ಮೃತಿ ಬೆಲೆಯಿಲ್ಲದ್ದು, ಕ್ಯಾಲಕ್ ಎಂಬುದು ಕೊಡುವುದು ಸೊನ್ನೆಗಳಿಂದ ತುಂಬಿದ್ದು. ಎರಡಕ್ಕೂ ಈ ಅನುಮಾನ ಒಪ್ಪುತ್ತದೆ. ರಿಯಾಲಕ್ ಹಾಗಲ್ಲ, ಅದು ಹಳೆಯ ಮನೆಯ ಸಾಮಾನನ್ನೆಲ್ಲ ಹೊಸ ಜಾಗಕ್ಕೆ ಸಾಗಿಸಿ ತರುವುದರಿಂದ, ಅಲ್ಲಿದ್ದ ಪಾಯಿಂಟರುಗಳೂ ಜೊತೆಯಲ್ಲಿಯೇ ಬರುತ್ತವೆ. ಆದುದರಿಂದ ಕೈಪಿಡಿಯ ವಾಕ್ಯವನ್ನು ತಿರುಗಿಸಿ ಬರೆಯಬೇಕಾಯಿತು: ಹಿಂದಿರುಗಿಸಿದ ಸ್ಮೃತಿಯೊಳಗೆ ಸಿಂಧುವಾದ ವಸ್ತುಗಳ ಪಾಯಿಂಟರು ಇರಬಾರದೆಂಬ ಷರತ್ತು ಸೇರಿತು, ರಿಯಾಲಕ್ಕಿನಂತಹವು ಇದಕ್ಕೆ ಅನರ್ಹವೆಂದು ಬಾಯಿಬಿಟ್ಟು ಹೇಳಲಾಯಿತು.

ಇಲ್ಲಿ ನಡೆದುದನ್ನು ಸ್ವಲ್ಪ ನಿಂತು ನೋಡುವುದು ಒಳ್ಳೆಯದು. ಹಳೆಯ ಕೈಪಿಡಿಯನ್ನು ಓದಿ, ಅದರ ಮಾತಿನಂತೆಯೇ ತನ್ನ ರಿಯಾಲಕ್ ಮಾದರಿಯ ಫಂಕ್ಷನ್ನಿಗೆ ಈ ಆಟ್ರಿಬ್ಯೂಟನ್ನು ಕೊಟ್ಟವನು ಯಾವ ತಪ್ಪನ್ನೂ ಮಾಡಿರಲಿಲ್ಲ. ಅವನ ಪ್ರೋಗ್ರಾಮು ಬದಲಾಗಲಿಲ್ಲ. ಅವನು ಸಹಿಮಾಡಿದ ಪತ್ರದ ಅರ್ಥವೇ ಅವನ ಹಿಂದಿನಿಂದ ಬದಲಾಯಿತು. ನ್ಯಾಯಾಲಯದಲ್ಲಾದರೆ ಇದು ನಿಲ್ಲುವ ಮಾತಲ್ಲ. ಕಂಪೈಲರುಗಳ ಲೋಕದಲ್ಲಿ ಇದನ್ನು ತಪ್ಪಿಸುವ ಒಂದೇ ಉಪಾಯವೆಂದರೆ, ಮುಚ್ಚಳಿಕೆಯ ಪೂರ್ಣಾರ್ಥವನ್ನು ಮೊದಲ ದಿನವೇ ಕಟ್ಟುನಿಟ್ಟಾಗಿ ಬರೆದಿಡುವುದು. ಆದರೆ ಮುಂದಿನ ಹತ್ತು ವರ್ಷಗಳಲ್ಲಿ ಯಾವ ಅನುಮಾನಗಳು ಹೊಳೆಯಬಹುದೆಂಬುದನ್ನು ಬರೆಯುವವರು ಮೊದಲೇ ಕಾಣಬಲ್ಲರೇ?

ಮೇಲೆ ಹೇಳಿದ ಎರಡು ಜಾತಿಗಳಿಗೂ ಸೇರಿದ ಉಭಯವಾಸಿಯೊಂದು ಇದೆ. ಅತ್ಯಧಿಕವಾದ ಗೊಂದಲವನ್ನು ಉಂಟುಮಾಡಿರುವುದೂ ಅದೇ. ಅದರ ಹೆಸರು ನಾನ್‌ನಲ್. ಈ ಫಂಕ್ಷನ್ನಿಗೆ ಇಂತಿಂತಹ ಸ್ಥಾನದಲ್ಲಿ ಶೂನ್ಯ ಪಾಯಿಂಟರನ್ನು ಒಪ್ಪಿಸಕೂಡದೆಂದು ಅದು ಸಾರುತ್ತದೆ. ಕೈಪಿಡಿಯ ವಿವರಣೆ ಕಾವಲಿನ ಮಾತಿನಿಂದ ಮೊದಲಾಗುತ್ತದೆ: ಶೂನ್ಯವನ್ನು ಒಪ್ಪಿಸಿರುವುದು ಗೋಚರಿಸಿದರೆ ಕಂಪೈಲರು ಎಚ್ಚರಿಸುವುದು. ಅದರ ಬೆನ್ನಿಗೇ, ತಗ್ಗಿದ ದನಿಯ ಒಂದು ವಾಕ್ಯದಲ್ಲಿ, ಈ ತಿಳಿವಳಿಕೆಯ ಆಧಾರದ ಮೇಲೆ ಕಂಪೈಲರು ಸುಧಾರಣೆಗಳನ್ನು ಮಾಡಬಹುದೆಂಬ ಮಾತೂ ಬರುತ್ತದೆ. ಓದಿದವರಲ್ಲಿ ಬಹುಮಂದಿ ಮೊದಲನೆಯದನ್ನು ನೆನಪಿಟ್ಟುಕೊಂಡರು. ಸ್ಮೃತಿಯ ಒಂದು ಭಾಗವನ್ನು ಇನ್ನೊಂದೆಡೆಗೆ ಸಾಗಿಸುವ ಮೆಮ್‌ಮೂವ್ ಎಂಬ ಫಂಕ್ಷನ್ನಿಗೆ ಗ್ನೂ ಗ್ರಂಥಾಲಯದ ಹೆಡರುಗಳಲ್ಲಿ ಈ ಆಟ್ರಿಬ್ಯೂಟು ಇದೆ. ಸಾಗಿಸಬೇಕಾದ ಬೈಟುಗಳ ಸಂಖ್ಯೆ ಸೊನ್ನೆಯಾಗಿರುವಾಗ ಪಾಯಿಂಟರು ಶೂನ್ಯವಾಗಿದ್ದರೇನು, ಮುಟ್ಟುವುದಂತೂ ಇಲ್ಲವಲ್ಲ ಎಂಬುದು ಲೋಕರೂಢಿಯ ತರ್ಕ. ಅದರಂತೆ, ಮೊದಲು ಮೆಮ್‌ಮೂವನ್ನು ಕರೆದು, ಆಮೇಲೆ ಮೂಲದ ಪಾಯಿಂಟರು ಶೂನ್ಯವೇ ಎಂದು ಪರೀಕ್ಷಿಸಿ, ಅಲ್ಲವಾದರೆ ಮಾತ್ರ ಅದರ ಮೂಲಕ ಓದುವ ಫಂಕ್ಷನ್ನೊಂದನ್ನು ಬರೆದಿದ್ದೀರೆಂದು ಇಟ್ಟುಕೊಳ್ಳಿ. ಜಿಸಿಸಿಯ 4.9ನೆಯ ಆವೃತ್ತಿ ಅದನ್ನು ಹೀಗೆ ವ್ಯಾಖ್ಯಾನಿಸಿತು: ಮೆಮ್‌ಮೂವಿಗೆ ಒಪ್ಪಿಸಿದ ಪಾಯಿಂಟರು ಶೂನ್ಯವಾಗಿರಲಾರದು, ಆದುದರಿಂದ ಮುಂದಿನ ಪರೀಕ್ಷೆ ಅನಾವಶ್ಯಕ, ಅನಾವಶ್ಯಕವಾದುದನ್ನು ಅಳಿಸಿದೆ. ಸೊನ್ನೆ ಬೈಟುಗಳೊಡನೆ ಶೂನ್ಯ ಪಾಯಿಂಟರು ಬಂದ ದಿನ ಪ್ರೋಗ್ರಾಮು ಮುರಿದು ಬೀಳುತ್ತದೆ. ಆ ಆವೃತ್ತಿಗೆ ಪ್ರೋಗ್ರಾಮುಗಳನ್ನು ಹೊಂದಿಸುವವರಿಗಾಗಿ ಹೊರಡಿಸಿದ ಸೂಚನೆಗಳಲ್ಲಿ ಈ ಉದಾಹರಣೆಯನ್ನೇ ಕೊಟ್ಟು ಎಚ್ಚರಿಸಲಾಗಿತ್ತು.

ಇದೇ ತರ್ಕಸರಣಿ ಆಟ್ರಿಬ್ಯೂಟಿನ ನೆರವಿಲ್ಲದೆಯೂ ನಡೆದುದುಂಟು. 2009ರಲ್ಲಿ ಲಿನಕ್ಸ್ ಕರ್ನಲ್ಲಿನ ಟನ್ ಎಂಬ ಜಾಲಚಾಲಕದಲ್ಲಿ, ಪಾಯಿಂಟರಿನ ಮೂಲಕ ಮೊದಲು ಓದಿ ಆಮೇಲೆ ಅದು ಶೂನ್ಯವೇ ಎಂದು ಪರೀಕ್ಷಿಸಿದ್ದ ಎರಡು ಸಾಲುಗಳಿದ್ದವು. ಓದಿದ ಮೇಲೆ ಶೂನ್ಯವಾಗಿರಲಾರದೆಂದು ಕಂಪೈಲರು ಪರೀಕ್ಷೆಯನ್ನು ಕಿತ್ತುಹಾಕಿತು, ಮತ್ತು ಅದು ಯಂತ್ರದ ಸರ್ವಾಧಿಕಾರವನ್ನು ಅನ್ಯರ ಕೈಗೆ ಒಪ್ಪಿಸಬಲ್ಲ ಬಿರುಕಾಗಿ ಪರಿಣಮಿಸಿತು. ಅಂದಿನಿಂದ ಕರ್ನಲ್ಲನ್ನು ಕಂಪೈಲು ಮಾಡುವಾಗ ಇಂತಹ ಪರೀಕ್ಷೆಗಳನ್ನು ಅಳಿಸಬೇಡವೆಂಬ ಆಜ್ಞೆಯನ್ನು ಕೊಡುವ ಪದ್ಧತಿ ಬಂದಿದೆ. ಕ್ಲ್ಯಾಂಗ್ ಎಂಬ ಇನ್ನೊಂದು ಕಂಪೈಲರಿನವರು ಕಾವಲನ್ನೂ ನಂಬಿಕೆಯನ್ನೂ ಬೇರ್ಪಡಿಸಿ, ಎಚ್ಚರಿಕೆಗೆ ಮಾತ್ರ ಬಳಕೆಯಾಗುವ, ಯಂತ್ರಸೂಚನೆಗಳ ಗೊಡವೆಗೆ ಹೋಗದ ಪ್ರತ್ಯೇಕ ವಿಶೇಷಣವೊಂದನ್ನು ಕೊಟ್ಟಿರುವರು. ವಿವೇಕದ ಮಾರ್ಗ ಅದೇ ಎಂದು ನನಗೆ ತೋರುತ್ತದೆ.

ವೇರಿಯಬಲ್ಲುಗಳ ಆಟ್ರಿಬ್ಯೂಟುಗಳಲ್ಲಿ ಇಷ್ಟು ಸೂಕ್ಷ್ಮವಿಲ್ಲ. ಅವು ಬಹುಪಾಲು ಅಪ್ಪಣೆಗಳು. ಅಲೈನ್ಡ್ ಎಂಬುದು ವೇರಿಯಬಲ್ಲನ್ನು ಹದಿನಾರರಿಂದಲೋ ಅರುವತ್ತನಾಲ್ಕರಿಂದಲೋ ಭಾಗವಾಗುವ ವಿಳಾಸದಲ್ಲಿ ಕೂರಿಸುತ್ತದೆ. ಸ್ಟ್ರಕ್ಚರಿನ ಅಂಗವೊಂದಕ್ಕೆ ಅದನ್ನು ಹಚ್ಚಿದರೆ ಈ ಹೊಂದಿಕೆಯನ್ನು ಹೆಚ್ಚಿಸಲು ಮಾತ್ರ ಬರುತ್ತದೆ, ತಗ್ಗಿಸಬೇಕಾದರೆ ಪ್ಯಾಕ್ಡ್ ಎಂಬುದನ್ನೂ ಜೊತೆಗೆ ಬಳಸಬೇಕು. ಒಂದು ಕ್ಯಾರಕ್ಟರೂ ಅದರ ಹಿಂದೆ ನಾಲ್ಕು ಬೈಟುಗಳ ಒಂದು ಇಂಟಿಜರೂ ಇರುವ ಸ್ಟ್ರಕ್ಚರು ಸಾಮಾನ್ಯ ಯಂತ್ರಗಳಲ್ಲಿ ನಡುವೆ ಮೂರು ಬೈಟುಗಳ ತೆರಪನ್ನು ಬಿಟ್ಟು ಎಂಟು ಬೈಟುಗಳನ್ನು ನುಂಗುತ್ತದೆ. ಪ್ಯಾಕ್ಡ್ ಎಂದರೆ ಐದಕ್ಕೆ ಇಳಿಯುತ್ತದೆ. ಆ ಒತ್ತಿದ ಇಂಟಿಜರಿನ ವಿಳಾಸವನ್ನು ತೆಗೆದು ಬೇರೆಯವರ ಕೈಗೆ ಕೊಟ್ಟರೆ ಮಾತ್ರ ಕೆಲವು ಪ್ರೊಸೆಸರುಗಳು ಮುನಿಸಿಕೊಳ್ಳುತ್ತವೆ. ಇಲ್ಲಿ ಕೈಪಿಡಿ ತೋರುವ ಪ್ರಾಮಾಣಿಕತೆ ನನಗೆ ಪ್ರಿಯವಾದುದು: ಹದಿನಾರರ ಹೊಂದಿಕೆಯನ್ನು ಕೇಳಿದರೂ, ನಿಮ್ಮ ಲಿಂಕರು ಎಂಟಕ್ಕಿಂತ ಹೆಚ್ಚಿನದನ್ನು ಅರಿಯದಾಗಿದ್ದರೆ ಎಂಟೇ ದೊರೆಯುವುದೆಂದು ಅದು ತನ್ನ ಕೈಮೀರಿದ್ದನ್ನೂ ತಿಳಿಸಿಬಿಡುತ್ತದೆ. ಸೆಕ್ಷನ್ ಎಂಬ ಆಟ್ರಿಬ್ಯೂಟಿನ ಸೊಗಸಾದ ಬಳಕೆಯನ್ನು ಲಿನಕ್ಸ್ ಕರ್ನಲ್ಲಿನಲ್ಲಿ ಕಾಣಬಹುದು. ಯಂತ್ರವು ಎಚ್ಚರಗೊಳ್ಳುವಾಗ ಒಮ್ಮೆ ಮಾತ್ರ ಬೇಕಾಗುವ ಫಂಕ್ಷನ್ನುಗಳನ್ನೂ ದತ್ತಾಂಶಗಳನ್ನೂ ಅದು ಬೇರೆಯ ವಿಭಾಗದಲ್ಲಿ ಗುಂಪುಗೂಡಿಸಿ, ಕೆಲಸ ಮುಗಿದೊಡನೆ ಆ ಸ್ಮೃತಿಯನ್ನೆಲ್ಲ ಬಿಡುಗಡೆಮಾಡಿ, ಬಳಕೆಯಿಲ್ಲದ ಕರ್ನಲ್ ಸ್ಮೃತಿಯನ್ನು ಇಷ್ಟು ಕಿಲೋಬೈಟುಗಳಷ್ಟು ಬಿಡಿಸಿಕೊಂಡೆನೆಂದು ತನ್ನ ದಿನಚರಿಯಲ್ಲಿ ಒಂದು ಸಾಲನ್ನು ಬರೆದಿಡುತ್ತದೆ.

ಈ ಶಾಸನಗಳೆಲ್ಲ ಇರುವ ಗ್ರಂಥದ ಮೈಕಟ್ಟನ್ನೂ ಎರಡು ಮಾತಿನಲ್ಲಿ ಹೇಳಬೇಕು. ಜಿಸಿಸಿಯ ಕೈಪಿಡಿಯನ್ನು ಟೆಕ್ಸ್‌ಇನ್ಫೋ ಎಂಬ ಕ್ರಮದಲ್ಲಿ ಬರೆದಿರುವರು. ಒಂದೇ ಮೂಲದಿಂದ ಪರದೆಯ ಮೇಲೆ ಓದತಕ್ಕ ರೂಪವನ್ನೂ ಮುದ್ರಣಕ್ಕೆ ಕೊಡತಕ್ಕ ರೂಪವನ್ನೂ ಅದು ಕೊಡುತ್ತದೆ. 2022ರಲ್ಲಿ ಅದನ್ನು ಬಿಟ್ಟು ಸ್ಫಿಂಕ್ಸ್ ಎಂಬ ಹೊಸ ಸಾಧನಕ್ಕೆ ಹೋದರು, ಕೆಲವೇ ದಿನಗಳಲ್ಲಿ ಹಿಂದಿರುಗಿ ಬಂದರು. ಆಟ್ರಿಬ್ಯೂಟುಗಳೆಲ್ಲ ಬಹುಕಾಲ ಒಂದೇ ಅಕಾರಾದಿಯಲ್ಲಿ ಇದ್ದುದರಿಂದ, ಎಲ್ಲ ಯಂತ್ರಗಳಿಗೂ ಸಲ್ಲುವ ಆಟ್ರಿಬ್ಯೂಟಿನ ಮಗ್ಗುಲಲ್ಲಿಯೇ ಯಾವುದೋ ಒಂದು ಚಿಕ್ಕ ಪ್ರೊಸೆಸರಿಗೆ ಮಾತ್ರ ಸಲ್ಲುವ ಆಟ್ರಿಬ್ಯೂಟಿನ ವಿವರಣೆ ಬಂದು ಓದುಗರನ್ನು ದಾರಿತಪ್ಪಿಸುತ್ತಿತ್ತು; ಅನಂತರ ಸಾಮಾನ್ಯವಾದವನ್ನು ಬೇರೆಯಾಗಿಯೂ ಆಯಾ ಪ್ರೊಸೆಸರಿನವನ್ನು ಬೇರೆಯಾಗಿಯೂ ವಿಂಗಡಿಸಿದರು. ಕ್ಲ್ಯಾಂಗಿನವರ ಕ್ರಮ ಬೇರೆ. ಅಲ್ಲಿ ಪ್ರತಿಯೊಂದು ಆಟ್ರಿಬ್ಯೂಟಿನ ಲಕ್ಷಣವನ್ನು ಬರೆಯುವ ಕೋಷ್ಟಕದಲ್ಲಿಯೇ ಅದರ ವಿವರಣೆಯ ಹೆಸರನ್ನೂ ನಮೂದಿಸಬೇಕು. ಅದರಿಂದ ಕೈಪಿಡಿ ತಾನಾಗಿಯೇ ಸಿದ್ಧವಾಗುತ್ತದೆ. ವಿವರಣೆಯನ್ನು ಇನ್ನೂ ಬರೆದಿಲ್ಲವಾದರೆ ಆ ಜಾಗದಲ್ಲಿ ದಾಖಲೆಯಿಲ್ಲ ಎಂಬರ್ಥದ ಪದವನ್ನೇ ದಾಖಲಿಸಬೇಕು. ಸೋಮಾರಿತನಕ್ಕೂ ಸಹಿ ಬೇಕೆಂಬ ಈ ನಿಯಮವನ್ನು ಮಾಡಿದವರು ಪ್ರೋಗ್ರಾಮು ಬರೆಯುವವರ ಸ್ವಭಾವವನ್ನು ಬಲ್ಲವರು. ಆದರೂ ಗದ್ಯವಾಗಿ ಓದಲು ನನಗೆ ಹಳೆಯ ಟೆಕ್ಸ್‌ಇನ್ಫೋ ಪುಟಗಳೇ ಮೇಲೆನಿಸುತ್ತವೆ. ಅಲ್ಲಿ ವಾಕ್ಯದ ಹಿಂದೆ ಒಬ್ಬ ಮನುಷ್ಯನ ಹಟ, ಸಿಟ್ಟು, ತಮಾಷೆ ಕಾಣಿಸುತ್ತವೆ.

ಇತ್ತೀಚೆಗೆ ಮಾನಕವೂ ಈ ಕ್ಷೇತ್ರಕ್ಕೆ ಕಾಲಿಟ್ಟಿದೆ. 2024ರಲ್ಲಿ ಪ್ರಕಟವಾದ, ಸಿ23 ಎಂದು ಹೆಸರಾದ ಪರಿಷ್ಕರಣವು ಇಮ್ಮಡಿ ಚೌಕಾವರಣದೊಳಗೆ ಬರೆಯುವ ಆಟ್ರಿಬ್ಯೂಟುಗಳನ್ನು ಸಿ ಪ್ಲಸ್ ಪ್ಲಸ್ಸಿನಿಂದ ತಂದು, ಹಿಂದಿರುಗದ ಫಂಕ್ಷನ್ನು, ಅಲಕ್ಷಿಸಬಾರದ ಮೌಲ್ಯ, ಬಳಕೆ ತಪ್ಪಿದ ಹೆಸರು ಮೊದಲಾದವಕ್ಕೆ ಎಲ್ಲ ಕಂಪೈಲರುಗಳೂ ಒಪ್ಪುವ ಅರ್ಥವನ್ನು ಕೊಟ್ಟಿತು. ಕಾನ್ಸ್ಟ್ ಮತ್ತು ಪ್ಯೂರ್‌ಗಳ ಸಮೀಪದ ಬಂಧುಗಳಾದ ಅನ್‌ಸೀಕ್ವೆನ್ಸ್ಡ್ ಮತ್ತು ರಿಪ್ರೊಡ್ಯೂಸಿಬಲ್ ಎಂಬ ಎರಡನ್ನು ತಾನೇ ಸೇರಿಸಿತು. ಮಾನಕದ ಆಟ್ರಿಬ್ಯೂಟನ್ನು ತೆಗೆದುಹಾಕಿದರೂ ಸರಿಯಾದ ಪ್ರೋಗ್ರಾಮು ಸರಿಯಾಗಿಯೇ ಉಳಿಯಬೇಕೆಂಬುದು ಅದರ ಮೂಲಸೂತ್ರ. ಈ ಸೂತ್ರಕ್ಕೆ ಪ್ಯಾಕ್ಡ್‌ನಂತಹ ಅಪ್ಪಣೆಗಳು ಒಗ್ಗುವುದಿಲ್ಲ. ಅವುಗಳಿಗೆ ಇಂದಿಗೂ ಕೈಪಿಡಿಯೇ ಗತಿ.

ಮುಚ್ಚಳಿಕೆಯನ್ನು ಬರೆದುಕೊಡುವವರು ಯಾವಾಗಲೂ ತಾವಾಗಿಯೇ ಮುಂದೆ ಬರುವುದಿಲ್ಲವಾಗಿ, ಕಂಪೈಲರೇ ಅದನ್ನು ಕೇಳಿ ಪಡೆಯುವ ಏರ್ಪಾಡೂ ಒಂದಿದೆ. ಆಟ್ರಿಬ್ಯೂಟನ್ನು ಸೂಚಿಸು ಎಂಬ ಆಯ್ಕೆಯನ್ನು ಕೊಟ್ಟರೆ, ಜಿಸಿಸಿ ಪ್ರತಿ ಫಂಕ್ಷನ್ನಿನ ಒಡಲನ್ನು ಸೂಕ್ಷ್ಮವಾಗಿ ಪರಿಶೀಲಿಸಿ, ಇದು ಹೊರಗಿನ ಸ್ಮೃತಿಗೆ ಬರೆಯುವುದಿಲ್ಲ, ಏನನ್ನೂ ಮುದ್ರಿಸುವುದಿಲ್ಲ, ಪ್ಯೂರ್ ಎನಿಸಿಕೊಳ್ಳಲು ಯೋಗ್ಯವಾಗಿರುವಂತಿದೆ ಎಂದು ತಿಳಿಸುತ್ತದೆ. ಒಡಲಲ್ಲಿ ಎಲ್ಲಿ ನಿಲ್ಲುವುದೆಂದು ನಿಶ್ಚಯವಿಲ್ಲದ ಲೂಪೊಂದು ಇದ್ದರೆ ಆ ಸೂಚನೆಯ ಕೊನೆಗೆ ಒಂದು ಉಪಾಧಿಯನ್ನೂ ಜೋಡಿಸುತ್ತದೆ: ಈ ಫಂಕ್ಷನ್ನು ಸಹಜವಾಗಿ ಹಿಂದಿರುಗುವುದೆಂದು ತಿಳಿದಿದ್ದ ಪಕ್ಷದಲ್ಲಿ. ಎಲ್ಲ ಪ್ರೋಗ್ರಾಮುಗಳ ವಿಷಯದಲ್ಲಿಯೂ ಅವು ನಿಲ್ಲುವವೋ ಇಲ್ಲವೋ ಎಂದು ನಿರ್ಣಯಿಸಬಲ್ಲ ಯಂತ್ರವಿಧಾನ ಇರಲಾರದೆಂಬುದನ್ನು ಅಲನ್ ಟ್ಯೂರಿಂಗರ 1936ರ ಶೋಧನೆಯೇ ತೋರಿಸಿಕೊಟ್ಟಿತ್ತಾದುದರಿಂದ, ಕಂಪೈಲರು ತಾನು ಓದಬಲ್ಲುದನ್ನೆಲ್ಲ ಓದಿ ಮುಗಿಸಿ, ಓದಲಾರದ ಈ ಒಂದಕ್ಕೆ ಮಾತ್ರ ಸಹಿಯನ್ನು ಕೇಳುತ್ತದೆ.